ಬೆರಳ ಬೆನ್ನಿನಿಂದ ಮುಟ್ಟುತ್ತಿದ್ದವರು

ಅವರು ಯಾವ ಯಂತ್ರವನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಬೆರಳುಗಳನ್ನು ಮಡಿಸಿ, ಅವುಗಳ ಬೆನ್ನನ್ನು ತಗಡಿನ ಪೆಟ್ಟಿಗೆಗೆ ಒಮ್ಮೆ ತಾಗಿಸಿ, ತಕ್ಷಣ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಯಾಕೆಂದು ಮೊದಲ ದಿನವೇ ಕೇಳಿದೆ.

“ಅಂಗೈ ಹಚ್ಚಿದ್ರ ಕರೆಂಟು ಮುಷ್ಟಿ ಬಿಗಿಸತೈತಿ ತಂಗಿ. ಬಿಡಬೇಕಂದ್ರೂ ಬಿಡಾಕ ಆಗಂಗಿಲ್ಲ. ಬೆರಳಿನ ಬೆನ್ನು ಹಚ್ಚಿದ್ರ ಕೈ ತಾನ ಹಿಂದಕ್ಕ ಬರತೈತಿ,” ಅಂದರು. ಆಮೇಲೆ ದನಿ ತಗ್ಗಿಸಿ, “ನಾ ಭಾಳ ಅಂಜುಬುರುಕ ಅದೀನಿ. ಯಾರ ಮುಂದೂ ಹೇಳಬ್ಯಾಡ,” ಎಂದರು. ಹೇಳುವ ಅಗತ್ಯವೇ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಇದು 2008ರ ಜೂನ್ 2, ಸೋಮವಾರದ ಮಾತು. ನನ್ನ ನೋಟುಬುಕ್ಕಿನಲ್ಲಿದೆ. ಅವರು ತೀರಿಕೊಂಡರೆಂದು ಹೋದ ತಿಂಗಳು ಗದಗ ಕಡೆಯ ಊರಿನಿಂದ ಅವರ ಮಗಳು ಫೋನ್ ಮಾಡಿದಾಗ ಆ ವರ್ಷದ ಪುಸ್ತಕಗಳನ್ನೆಲ್ಲ ತೆಗೆದು ಓದಿದೆ. ನಾನು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಆಗ ನನಗೆ ಇಪ್ಪತ್ತು ವರ್ಷ. ಗೋವಾದ ಚಿಂಬಲ್‌ನಲ್ಲಿ ಮನೆ, ಅಪ್ಪ ಗೌಂಡಿ. ಪಣಜಿಯ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಸರಕಾರಿ ಕಚೇರಿ, ಬಸ್‌ಸ್ಟ್ಯಾಂಡುಗಳಲ್ಲಿ ಸಾರ್ವಜನಿಕರಿಗಾಗಿ ನಿಲ್ಲಿಸಿದ್ದ ಟಚ್ ಮಿಷನ್‌ಗಳನ್ನು ದುರಸ್ತಿ ಮಾಡುವ ಗುತ್ತಿಗೆ ಆ ಕಂಪನಿಯದು. ನಮ್ಮ ಮನೆಯಲ್ಲಿ ಕಾಗದದ ಮೇಲೆ ನೇಮಕವಾದವಳು ನಾನೇ ಮೊದಲು. ಅವ್ವ ಆ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದಳು. ಕಂಪನಿಯಲ್ಲಿ ಕನ್ನಡದವರು ಇಬ್ಬರೇ, ಕಾಕಾ ಮತ್ತು ನಾನು. ಅದಕ್ಕೇ ನನ್ನನ್ನು ಅವರ ಜೊತೆ ಹಾಕಿದರು. ಅವರಿಗಾಗ ಐವತ್ಮೂರು. ಹರೆಯದಲ್ಲಿ ಬಂದರಿನಲ್ಲಿ ಮೂಟೆ ಹೊತ್ತು, ಆಮೇಲೆ ಟಿವಿ ರಿಪೇರಿ ಕಲಿತು, ಅಲ್ಲಿಂದ ಇಲ್ಲಿಗೆ ಬಂದಿದ್ದರು.

ಆ ಯಂತ್ರಗಳನ್ನು ನೋಡದವರಿಗಾಗಿ ಎರಡು ಮಾತು. ಆಳೆತ್ತರದ ತಗಡಿನ ಪೆಟ್ಟಿಗೆ, ಎದೆಯ ಮಟ್ಟದಲ್ಲಿ ಗಾಜಿನ ಪರದೆ. ಕೀಬೋರ್ಡು, ಮೌಸು ಒಳಗೆ ಬೀಗದಲ್ಲಿ. ಪರದೆಯ ಮೇಲೆ ಒಂದೇ ಕಾರ್ಯಕ್ರಮ ನಡೆಯುತ್ತಿರುತ್ತದೆ. ಅರ್ಜಿಯ ನಂಬರು ಒತ್ತಿದರೆ ಅದು ಎಲ್ಲಿಯವರೆಗೆ ಬಂದಿದೆ ಎಂದು ತೋರಿಸುತ್ತದೆ, ಅಷ್ಟೇ. ಅದರ ಹಿಂದೆ ಎಲ್ಲರ ಮನೆಯಲ್ಲಿರುವಂಥ ಕಂಪ್ಯೂಟರೇ ಇದ್ದರೂ ಸಾರ್ವಜನಿಕರಿಗೆ ಅದು ಕಾಣಬಾರದು. ನಮ್ಮಂಥವರು ಒಳಹೋಗಲು ಒಂದು ಗುಟ್ಟಿನ ದಾರಿ ಇತ್ತು. ಪರದೆಯ ಎಡಗಡೆಯ ಮೇಲಿನ ಮೂಲೆಯಲ್ಲಿ ಹತ್ತು ಸೆಕೆಂಡು ಬೆರಳಿಟ್ಟರೆ ಪಿನ್ ಕೇಳುತ್ತದೆ. ಪಿನ್ ಕೊಟ್ಟರೆ ಕಾರ್ಯಕ್ರಮ ಮುಚ್ಚಿ ಒಳಗಿನದೆಲ್ಲ ತೆರೆದುಕೊಳ್ಳುತ್ತದೆ.

ಪಿನ್ ಒತ್ತುವಾಗ ಕಾಕಾ ತಲೆಗೂ ಪರದೆಗೂ ಸೇರಿಸಿ ಟವೆಲ್ ಹೊದ್ದುಕೊಳ್ಳುತ್ತಿದ್ದರು. ಒಂದು ಬಸ್‌ಸ್ಟ್ಯಾಂಡಿನಲ್ಲಿ ಹಾಗೆ ನಿಂತಾಗ ಹಿಂದಿನಿಂದ ಯಾರೋ ಹೆಂಗಸು, “ಅಜ್ಜಾಗ ಜ್ವರ ಬಂದಾವೇನ ಯವ್ವಾ? ಉಗಿ ತಗೊಳಾಕತ್ತಾನ,” ಎಂದು ನನ್ನನ್ನು ಕೇಳಿದ್ದಳು. ಟವೆಲಿನ ಒಳಗಿನಿಂದಲೇ ಕಾಕಾ, “ಹೌದ ಬೇ, ಮೂರ್ ವರ್ಷಾತು ಬಂದು,” ಎಂದು ಉತ್ತರಿಸಿದ್ದರು.

ಅವರು ಹೆದರುತ್ತಿದ್ದ ಸಂಗತಿಗಳ ಪಟ್ಟಿಯನ್ನು ನಾನು ಪುಸ್ತಕದ ಕೊನೆಯ ಪುಟದಲ್ಲಿ ಮಾಡಿದ್ದೆ. ಹದಿನೇಳು ಆಗಿದ್ದವು. ನಾಯಿ, ಒದ್ದೆ ನೆಲ, ಲಿಫ್ಟು, ಮುಂಬಯಿಯಿಂದ ಬರುವ ಫೋನು, ಇಂಗ್ಲಿಷಿನ ಪತ್ರ, ನೇಮ್‌ಪ್ಲೇಟು ಇರುವ ಬಾಗಿಲು. ಮಾರುಕಟ್ಟೆಯಲ್ಲಿ ಚಂದವಾಗಿ ಕೊಂಕಣಿ ಮಾತಾಡುವವರು ಅಧಿಕಾರಿಯ ಎದುರು ನಿಂತರೆ ‘ಹೌದ್ರಿ’ ಬಿಟ್ಟು ಬೇರೆ ಮಾತೇ ಹೊರಡುತ್ತಿರಲಿಲ್ಲ. ಘಟ್ಟದ ಮೇಲಿನವರೆಂದು ನಮ್ಮನ್ನು ಹೀಗಳೆಯಲು ಅಲ್ಲಿ ‘ಘಾಟಿ’ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗ ಕಾಕಾ ಸ್ಕ್ರೂ ಹುಡುಕುವವರಂತೆ ನೆಲ ನೋಡುತ್ತಿದ್ದರು.

ಆದರೆ ಆ ಹೆದರಿಕೆಯೇ ಅವರ ಕೆಲಸದ ರೀತಿಯೂ ಆಗಿತ್ತು. ಕೆಟ್ಟ ಯಂತ್ರದ ಹತ್ತಿರ ಹೋದರೆ ಕಾಲು ಗಂಟೆ ಸುಮ್ಮನೆ ದೂರ ನಿಲ್ಲುವರು. ಆಮೇಲೆ ಪ್ಯೂನನ್ನೋ ಕಸ ಗುಡಿಸುವವರನ್ನೋ ಕರೆದು, “ಮಿಷನ್ ಸುದ್ದಿ ಬ್ಯಾಡ. ನಿನ್ನೆ ಇಲ್ಲಿ ಏನೇನಾತು, ಅದನ್ನ ಹೇಳ್ರಿ,” ಎನ್ನುವರು. ಒಂದು ಕಚೇರಿಯ ಯಂತ್ರ ದಿನಾ ಹನ್ನೊಂದಕ್ಕೆ ಆರಿಹೋಗುತ್ತಿತ್ತು. ಹನ್ನೊಂದಕ್ಕೆ ಚಹಾ ಕಾಯಿಸಲು ಪ್ಲಗ್ಗು ಕೀಳುತ್ತಿದ್ದರು. ಇನ್ನೊಂದು ಕಡೆ ಯಾರೂ ಮುಟ್ಟದೆ ಪುಟಗಳು ತಾವೇ ತೆರೆದುಕೊಳ್ಳುತ್ತಿದ್ದವು. ದೆವ್ವದ ಕಾಟವೆಂದು ಜನ ಹತ್ತಿರ ಹೋಗುವುದನ್ನೇ ಬಿಟ್ಟಿದ್ದರು. ಕಾಕಾ ಕಡ್ಡಿ ಹಾಕಿ ಪರದೆಯ ಅಂಚಿನಿಂದ ಒಂದು ಮಳೆಹುಳವನ್ನು ಹೊರತೆಗೆದು ನನ್ನ ಅಂಗೈಯಲ್ಲಿಟ್ಟರು. “ಇದ ದೆವ್ವ. ಗಾಜಿನ ಸುತ್ತ ಚೌಕಟ್ಟು ಐತಲ್ಲ, ಅದರಿಂದ ಕಣ್ಣಿಗೆ ಕಾಣದ ಬೆಳಕಿನ ಎಳಿ ಹೊಂಡತಾವ. ಎಳಿ ಕಡದಲ್ಲೆ ಬೆರಳು ಬಂತಂತ ಮಿಷನ್ ತಿಳಕೋತೈತಿ. ಅದಕ್ಕ ಬೆರಳೂ ಒಂದ, ಹುಳಾನೂ ಒಂದ.”

ನಾಲ್ಕು ತಿಂಗಳಲ್ಲಿ ನಾವು ಹೋದ ದೂರುಗಳು ಅರವತ್ತೊಂದು. ಅದರಲ್ಲಿ ಯಂತ್ರದ್ದೇ ತಪ್ಪಿದ್ದದ್ದು ಎಂಟು. ಉಳಿದದ್ದೆಲ್ಲ ಮನುಷ್ಯರದು, ಹುಳಗಳದು, ಮಳೆಯದು.

ಆಗಸ್ಟ್ 19, ಮಂಗಳವಾರ. ಮೊಲೆಂ ಕಡೆಗೆ ಹೋಗುವ ಬಸ್ಸಿನಲ್ಲಿ ಹೋಗಬೇಕಾದ ಒಂದು ತಾಲ್ಲೂಕು ಕಚೇರಿ. ಊರಿನ ಹೆಸರು ಬರೆಯುವುದಿಲ್ಲ. ಯಂತ್ರ ಇದ್ದದ್ದು ಗ್ರಿಲ್ ಹಾಕಿದ ಪಡಸಾಲೆಯಲ್ಲಿ. ಮಳೆಯ ತೇವಕ್ಕೆ ಸ್ಪರ್ಶ ಜಾರುತ್ತಿತ್ತು. ಐದು ಒತ್ತಿದರೆ ಎಂಟು ಬೀಳುತ್ತಿತ್ತು. ಅದನ್ನು ಸರಿಪಡಿಸಲು ಒಳಗೆ ಹೋಗಬೇಕು, ಒಳಗೆ ಹೋಗಲು ಪಿನ್ ಒತ್ತಬೇಕು, ಪಿನ್ ಒತ್ತಲು ಸ್ಪರ್ಶ ಸರಿಯಿರಬೇಕು. ಕೀಬೋರ್ಡು ಇದ್ದ ಪೆಟ್ಟಿಗೆಯ ಬೀಗದ ಕೈ ರಜೆಯ ಮೇಲಿದ್ದ ಗುಮಾಸ್ತರ ಹತ್ತಿರ. ಅದನ್ನು ತರಿಸುವಷ್ಟರಲ್ಲಿ ಮಧ್ಯಾಹ್ನ ಮೂರಾಯಿತು. ಅದೇ ತಿಂಗಳಲ್ಲಿ ಅದು ನಾಲ್ಕನೆಯ ಸಲ. ಕಾಕಾ ಬೇಸತ್ತು, “ಮಳಿ ಮುಗಿಯೂತನಾ ಇದಕ್ಕೊಂದಕ್ಕ ಪಿನ್ ಬ್ಯಾಡ ತಗಿ,” ಎಂದು ತೆಗೆದುಹಾಕಿದರು. ಕಂಪನಿಯಲ್ಲಿ ಗೊತ್ತಾದರೆ ಅದೇ ದಿನ ಮನೆಗೆ ಕಳಿಸುವ ತಪ್ಪು ಅದು. ನಾಲ್ಕು ತಿಂಗಳಲ್ಲಿ ಅವರು ಹೆದರದೆ ಮಾಡಿದ ಕೆಲಸ ಅದೊಂದೇ ಎಂದು ಈಗ ಅನ್ನಿಸುತ್ತದೆ. “ಸೆಪ್ಟೆಂಬರ್ ಕಡೀಕ ನೆನಪ ಮಾಡು ತಂಗಿ. ನನ್ನ ತಲಿ ನಂಬಬ್ಯಾಡ,” ಎಂದರು.

ಬಸ್ಸಿನಲ್ಲಿ ಕೂತು ನಾನು ಎರಡು ಸಾಲು ಬರೆದೆ. ಒಂದು: ‘ಕಾಕಾ ಪಿನ್ ತೆಗೆದರು, ಮಳೆ ಮುಗಿಯುವ ತನಕ.’ ಎರಡು: ‘ಸೆಪ್ಟೆಂಬರ್ 30ಕ್ಕೆ ಅವರಿಗೆ ನೆನಪಿಸುವುದು ನನ್ನ ಜವಾಬ್ದಾರಿ.’

ಸೆಪ್ಟೆಂಬರ್ 30 ಬಂತು, ಹೋಯಿತು. ಆ ದಿನದ ಪುಟದಲ್ಲಿ ಮೂರು ದೂರುಗಳ ನಂಬರು ಇವೆ, ಬಸ್ ತಡವಾದ ನಿಮಿಷಗಳಿವೆ. ಪಿನ್ನಿನ ಮಾತಿಲ್ಲ. ಎಲ್ಲವನ್ನೂ ಬರೆದಿಡುತ್ತಿದ್ದವಳು ಬರೆದದ್ದನ್ನು ತಿರುವಿ ನೋಡಿರಲಿಲ್ಲ.

ಅಕ್ಟೋಬರ್ 10, ಶುಕ್ರವಾರ, ಅಂದರೆ ದಸರೆಯ ಮರುದಿನ, ಬೆಳಿಗ್ಗೆ ಒಂಬತ್ತೂವರೆಗೆ ಫೋನು ಬಂತು. ಹೋಗಿ ನೋಡಿದರೆ ಯಂತ್ರದ ಪರದೆಯ ಮೇಲೆ ಒಳಗಿನ ಕಂಪ್ಯೂಟರು ಹಾಗೇ ತೆರೆದು ನಿಂತಿತ್ತು. ವಾಸ್ತವ್ಯದ ದಾಖಲೆಗಾಗಿ ಜನ ಕೊಟ್ಟ ಅರ್ಜಿಗಳ ಪಟ್ಟಿ ಇದ್ದ ಜಾಗದಲ್ಲಿರಲಿಲ್ಲ. ಎಲ್ಲೋ ಸರಿದುಹೋಗಿತ್ತು. ಮಾಮಲೇದಾರರು, ಅಂದರೆ ತಾಲ್ಲೂಕಿನ ಅಧಿಕಾರಿ, ಪಡಸಾಲೆಯಲ್ಲೇ ನಿಂತಿದ್ದರು. ಗ್ರಿಲ್ಲಿನ ಪಕ್ಕ ನೆಲದ ಮೇಲೆ ದ್ಯಾಮವ್ವ ಕುಳಿತಿದ್ದಳು.

ದ್ಯಾಮವ್ವ ಆ ಕಚೇರಿಯಲ್ಲಿ ದಿನಗೂಲಿಯ ಮೇಲೆ ಕಸ ಗುಡಿಸುವವಳು, ಬಾಗಲಕೋಟೆ ಕಡೆಯವಳು. ಆಯುಧಪೂಜೆ, ದಸರೆಯ ಎರಡು ದಿನದ ರಜೆಯಲ್ಲಿ ಗ್ರಿಲ್ಲಿನ ಬೀಗದ ಕೈ ಇದ್ದದ್ದು ಅವಳೊಬ್ಬಳ ಹತ್ತಿರ. ಮಾಯವಾದ ಪಟ್ಟಿಯಲ್ಲಿ ಅವಳ ಅರ್ಜಿಯೂ ಇತ್ತು. ಮಗಳನ್ನು ನರ್ಸಿಂಗಿಗೆ ಸೇರಿಸಲು ಗೋವಾದಲ್ಲೇ ಇದ್ದವರೆಂಬ ದಾಖಲೆ ಬೇಕಾಗಿತ್ತು. ಮಾಮಲೇದಾರರು ಎರಡನ್ನೂ ಕೂಡಿಸಿ ಲೆಕ್ಕ ಮುಗಿಸಿದ್ದರು. “ಕೈಯಲ್ಲಿ ಕೀಲಿ, ಪಟ್ಟಿಯಲ್ಲಿ ಹೆಸರು. ಯಾರನ್ನೋ ಕರೆಸಿ ಮಷಿನ್ ಒಡೆಸಿದ್ದಾಳೆ,” ಎಂದು ಕೊಂಕಣಿಯಲ್ಲಿ ಹೇಳಿದರು. ಸೋಮವಾರ ಹನ್ನೊಂದಕ್ಕೆ ಪೊಲೀಸರು ಬರುತ್ತಾರೆ, ಅಷ್ಟರಲ್ಲಿ ಯಂತ್ರ ಹೇಗೆ ತೆರೆಯಿತೆಂದು ಕಂಪನಿ ಹೇಳಬೇಕು ಎಂದರು.

ಕಾಕಾ ಪರದೆಯ ಅಂಚಿನಲ್ಲಿ ಉಗುರು ಆಡಿಸಿದರು. ಎಡಗಡೆಯ ಮೇಲಿನ ಮೂಲೆಗೆ ಬಂದಾಗ ಕೈ ನಿಂತಿತು. ಉಗುರಿಗೆ ಅಂಟಿಕೊಂಡು ಬಂದದ್ದು ಒಂದು ಅಕ್ಕಿಕಾಳು, ಅರ್ಧ ಕೆಂಪಗಿತ್ತು. ಅದನ್ನು ಯಾರಿಗೂ ಕಾಣದಂತೆ ಜೇಬಿಗೆ ಹಾಕಿಕೊಂಡರು. ಆಮೇಲೆ ಟವೆಲ್ ಹೊದ್ದು ನಾಲ್ಕು ನಿಮಿಷ ಒಳಗೇ ಇದ್ದರು. ಪಟ್ಟಿ ಇನ್ನೊಂದು ಫೋಲ್ಡರಿನಲ್ಲಿ ಸಿಕ್ಕಿತು, ಅದನ್ನು ಅದರ ಜಾಗಕ್ಕೆ ಹಾಕಿದರು. ಕೊನೆಗೆ ಅವರ ಬೆರಳು ನಾಲ್ಕು ಸಲ ಗಾಜಿಗೆ ಬಡಿದ ಸದ್ದು ಕೇಳಿತು. ಪಿನ್ನನ್ನು ವಾಪಸ್ ಹಾಕಿಬಿಟ್ಟಿದ್ದರು. ಸೆಪ್ಟೆಂಬರ್ 30 ಆಗ ನನಗೆ ನೆನಪಾಯಿತು.

ಬಸ್‌ಸ್ಟ್ಯಾಂಡಿಗೆ ದ್ಯಾಮವ್ವ ನಮ್ಮ ಹಿಂದೆಯೇ ಓಡಿಬಂದಳು.

“ಅಣ್ಣಾರ, ಪೊಲೀಸ್ರು ಬರತಾರಂತ. ನಾ ಏನ್ ಮಾಡೇನ್ರಿ? ನನಗ ಟಿವಿ ಚಾಲೂ ಮಾಡಾಕ ಬರಂಗಿಲ್ಲ.”

“ಖಂಡೇನವಮಿ ದಿನ ಪೂಜಿ ಮಾಡಿದೇನವಾ?” ಕಾಕಾ ಕೇಳಿದರು.

“ಮಾಡದ ಬಿಡತೀನೇನ್ರಿ? ಕಸಬರಗಿಗೆ ಮಾಡಿದೆ, ನೀರಿನ ಪಂಪಿಗೆ ಮಾಡಿದೆ, ಫ್ಯಾನಿಗೆ ಕುರ್ಚಿ ಹತ್ತಿ ಕುಂಕುಮ ಹಚ್ಚಿದೆ. ಅದೊಂದ ಮಿಷನ್ ಬಿಟ್ರ ಅದಕ್ಕ ಬ್ಯಾಸರ ಆಗಾಂಗಿಲ್ಲೇನ್ರಿ?”

“ಎಲ್ಲೆ ಹಚ್ಚಿದಿ?”

“ಅದರ ಹಣಿ ಎಲ್ಲೈತಂತ ತಿಳೀಲಿಲ್ರಿ. ನಡುವ ಮಂತ್ರಿ ಸಾಹೇಬ್ರ ಫೋಟೋ ಇತ್ತು. ಅವರ ಮಾರಿ ಮ್ಯಾಲ ಹಚ್ಚೂದು ಹ್ಯಾಂಗ? ಮ್ಯಾಲ ಮೂಲ್ಯಾಗ ಹಚ್ಚಿದೆ. ಕುಂಕುಮ ಕಲಸಿ, ಅಕ್ಕಿಕಾಳು ಒತ್ತಿ, ಒಂದ್ ಚೆಂಡುಹೂವ ಅಂಟಿಸಿದೆ. ನಿನ್ನಿತನಾ ಬಿದ್ದಿರಲಿಲ್ಲ. ಇವತ್ತ ಮುಂಜಾನೆ ಪ್ಯೂನ್ ಒರಸಿದ.” ಅವಳ ದನಿಯಲ್ಲಿ ಅಷ್ಟು ಹೊತ್ತಿನಲ್ಲೂ ಸ್ವಲ್ಪ ಹೆಮ್ಮೆ ಇತ್ತು.

ಆ ಹೂವು ಎರಡು ದಿನ ಬಿಡದೆ ಮೂಲೆಯನ್ನು ಒತ್ತಿ ಹಿಡಿದಿತ್ತು. ಪಿನ್ ಇದ್ದಿದ್ದರೆ ಯಂತ್ರ ಪಿನ್ ಕೇಳುತ್ತಾ ಕೂತಿರುತ್ತಿತ್ತು. ಇರಲಿಲ್ಲವಾದ್ದರಿಂದ ತೆರೆದುಕೊಂಡಿತ್ತು. ಆಮೇಲೆ ಹೂವು ಒಣಗಿ ಜೋತಾಡಿದ ಹಾಗೆಲ್ಲ ಆ ಮೂಲೆಯಲ್ಲಿದ್ದ ಪಟ್ಟಿಯ ಫೈಲು ಬೆರಳಿನಿಂದ ಎಳೆದಂತಾಗಿ ಪಕ್ಕದ ಫೋಲ್ಡರಿನೊಳಗೆ ಸರಿದಿತ್ತು.

ಇದನ್ನು ಕಾಕಾ ನನಗೆ ಹೇಳಲಿಲ್ಲ, ನಾನು ಅವರಿಗೆ ಹೇಳಲಿಲ್ಲ. ಇಬ್ಬರಿಗೂ ತಿಳಿದಿತ್ತು. ದ್ಯಾಮವ್ವನಿಗೆ ಅವರು ಹೇಳಿದ್ದು ಇಷ್ಟೇ: “ಹೋಗವಾ, ಸೋಮವಾರ ಬರತೀವಿ.”

ಶನಿವಾರ, ಭಾನುವಾರ ರಜೆ. ಆ ಎರಡು ದಿನಗಳ ಪುಟಗಳಲ್ಲಿ ನಾನು ಬರೆದದ್ದು ದಿನಾಂಕ ಮಾತ್ರ. ಹೊರಗೆ ಬೈಕ್ ನಿಂತರೆ ಪೊಲೀಸರೆಂದು ಎದ್ದು ಹೋಗಿ ನೋಡುತ್ತಿದ್ದೆ. ಪುಸ್ತಕವನ್ನು ದಿಂಬಿನ ಕೆಳಗಿಟ್ಟೆ, ಅಲ್ಲಿಂದ ತೆಗೆದು ಹಾಸಿಗೆಗಳ ಗಂಟಿನಲ್ಲಿಟ್ಟೆ. “ಏನ್ ಹುಡಕಾಕತ್ತೀ?” ಎಂದು ಅವ್ವ ಕೇಳಿದರೆ ಬೆಚ್ಚಿಬಿದ್ದೆ. ಅಕ್ಕಿ ಡಬ್ಬಿಯ ಹಿಂದಿನ ನೇಮಕಪತ್ರ ಕಣ್ಣಮುಂದೆ ಬರುತ್ತಿತ್ತು. ದ್ಯಾಮವ್ವನ ಮುಖ ಅಷ್ಟಾಗಿ ಬರುತ್ತಿರಲಿಲ್ಲ. ನಾಚಿಕೆಯ ಮಾತಾದರೂ ನಿಜ.

ಅಕ್ಟೋಬರ್ 13, ಸೋಮವಾರ. ಬಸ್ಸಿನಲ್ಲಿ ಅರ್ಧ ದಾರಿ ಕಳೆದ ಮೇಲೆ ಕಾಕಾ ನನ್ನ ಕಡೆ ತಿರುಗದೆಯೇ ಕೇಳಿದರು. “ಪಿನ್ ತಗದ ದಿನದ ಪುಟ ಐತೇನು?”

ಎರಡು ದಿನಗಳಿಂದ ಅದೇ ಮಾತಿಗಾಗಿ ಕಾದಿದ್ದವಳಂತೆ ನಾನು ಪುಸ್ತಕ ತೆಗೆದೆ. ಹೊಲಿಗೆಯ ಗುಂಟ ನಿಧಾನವಾಗಿ ಹರಿದು ಪುಟವನ್ನು ಅವರ ಕೈಗಿಟ್ಟೆ. ಕಿಟಕಿಯ ಹೊರಗೆ ಕಾಡಿತ್ತು. ಅವರು ಅದನ್ನು ಚೂರು ಮಾಡಿ ಗಾಳಿಗೆ ಬಿಡುತ್ತಾರೆ, ಇಬ್ಬರೂ ಬದುಕುತ್ತೇವೆ ಎಂದುಕೊಂಡೆ.

ಅವರು ಪುಟ ನೋಡಿದರು. ಎರಡೂ ಸಾಲುಗಳ ಮೇಲೆ ಕಣ್ಣಾಡಿಸಿದ್ದನ್ನು ನಾನು ಕಂಡೆ.

“ಹರದ್ಯಾಕ? ಪುಸ್ತಕದಾಗ ಇದ್ದಿದ್ರ ಚಲೋ ಇತ್ತು,” ಅಂದರು. “ಇರಲಿ. ಪುಸ್ತಕಾನೂ ಕೈಯಾಗ ಇಟಗೋ.”

ಆಗ ಗೊತ್ತಾಯಿತು, ಅವರು ಅದನ್ನು ತೋರಿಸಲು ಕೇಳಿದ್ದರು. ಮಡಿಸಿ ಜೇಬಿಗೆ ಇಡುವಾಗ ಪುಟ ಎರಡು ಸಲ ಜೇಬು ತಪ್ಪಿತು.

ಪಡಸಾಲೆಯಲ್ಲಿ ಮಾಮಲೇದಾರರು, ಒಬ್ಬ ಸಬ್‌ಇನ್ಸ್‌ಪೆಕ್ಟರು, ಗುಮಾಸ್ತರು, ಪ್ಯೂನು ಇದ್ದರು. ದ್ಯಾಮವ್ವ ಮಗಳ ಕೈ ಹಿಡಿದು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಕಾಕಾ ಯಂತ್ರವನ್ನು ಬೆರಳ ಬೆನ್ನಿನಿಂದ ಮುಟ್ಟಿ ಕೈ ಎಳೆದುಕೊಂಡರು. ಸಬ್‌ಇನ್ಸ್‌ಪೆಕ್ಟರು ನಕ್ಕರು. ಕಾಕಾ ತಾವು ತಂದಿದ್ದ ಕುಂಕುಮದ ಪೊಟ್ಟಣವನ್ನೂ ಚೆಂಡುಹೂವನ್ನೂ ದ್ಯಾಮವ್ವನ ಕಡೆ ಚಾಚಿ, ಅವತ್ತಿನ ಹಾಗೆಯೇ ಹಚ್ಚಿ ತೋರಿಸು ಎಂದರು.

“ಬ್ಯಾಡ್ರಿ ಅಣ್ಣಾರ! ಒಮ್ಮೆ ಹಚ್ಚಿದ್ದಕ್ಕ ಇಷ್ಟಾತು. ಇನ್ನೊಮ್ಮೆ ಹಚ್ಚಿದ್ರ ನೇಣಿಗೆ ಹಾಕತಾರು!”

ಕೊನೆಗೆ ಅವರೇ ಕುಂಕುಮ ಕಲಸಿ ಮೂಲೆಗೆ ಹಚ್ಚಿ ಹೂವು ಅಂಟಿಸಿದರು. ಎಲ್ಲರೂ ಹತ್ತು ಎಣಿಸಿದೆವು. ಯಂತ್ರ ಪಿನ್ ಕೇಳಿತು.

“ಬೀಗ ಇದೆಯಲ್ಲ,” ಎಂದರು ಮಾಮಲೇದಾರರು. “ಹೂವು ಪಿನ್ ಒತ್ತುತ್ತದೆಯೇ?”

“ಅವತ್ತು ಪಿನ್ ಇರಲಿಲ್ಲ ಸಾಹೇಬರೇ,” ಎಂದು ಕಾಕಾ ಕೊಂಕಣಿಯಲ್ಲಿ ಹೇಳಿದರು. ಅಧಿಕಾರಿಯ ಎದುರು ಅವರ ಬಾಯಿಂದ ಪೂರ್ತಿ ವಾಕ್ಯ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. “ನಾನೇ ತೆಗೆದಿದ್ದೆ. ಶುಕ್ರವಾರ ಹೆದರಿ ವಾಪಸ್ ಹಾಕಿದೆ.”

ಸಬ್‌ಇನ್ಸ್‌ಪೆಕ್ಟರು ತಲೆಯಾಡಿಸಿದರು. “ಘಾಟಿ ಘಾಟಿಯನ್ನು ಉಳಿಸಲು ಹೇಳುತ್ತಿದ್ದಾನೆ.”

ಕಾಕಾ ಪುಟವನ್ನು ಹೊರತೆಗೆದರು. ಸಬ್‌ಇನ್ಸ್‌ಪೆಕ್ಟರು ನನ್ನ ಪುಸ್ತಕ ಇಸಿದುಕೊಂಡು ಹರಿದ ಅಂಚಿಗೆ ಅಂಚು ಸೇರಿಸಿ ನೋಡಿದರು, ಸರಿಹೊಂದಿತು. ಗುಮಾಸ್ತರು ಭೇಟಿಯ ರಿಜಿಸ್ಟರು ತಂದು ಆಗಸ್ಟ್ 19ರ ಹೊತ್ತು ತಾಳೆ ನೋಡಿದರು, ಅದೂ ಹೊಂದಿತು. ಆದರೆ ಪುಟ ಕನ್ನಡದಲ್ಲಿತ್ತು. ದ್ಯಾಮವ್ವನಿಗೆ ಓದು ಬಾರದು, ಮಗಳು ಕಲಿತದ್ದು ಮರಾಠಿ ಶಾಲೆಯಲ್ಲಿ. ಅಲ್ಲಿ ಅದನ್ನು ಓದಬಲ್ಲವರು ಕಾಕಾ ಮತ್ತು ನಾನು ಇಬ್ಬರೇ. ಪುಟ ನನ್ನ ಕೈಗೆ ಬಂತು. “ಬರೆದವಳು ನೀನೇ ತಾನೇ? ಓದಿ ಅರ್ಥ ಹೇಳು.”

ಮೊದಲ ಸಾಲನ್ನು ಓದಿ ಕೊಂಕಣಿಯಲ್ಲಿ ಹೇಳಿದೆ. ಕಾಕಾ ಪಿನ್ ತೆಗೆದರು, ಮಳೆ ಮುಗಿಯುವ ತನಕ. ಎರಡನೆಯ ಸಾಲಿಗೆ ಬಂದು ನಿಲ್ಲಿಸಿದೆ. ಆ ಸಾಲಿನಲ್ಲಿ ‘ನನ್ನ’ ಎಂಬ ಪದ ಇತ್ತು.

“ಕೆಳಗೆ ಇನ್ನೊಂದು ಸಾಲು ಇದೆಯಲ್ಲ,” ಎಂದರು ಮಾಮಲೇದಾರರು.

ನಾನು ಬಾಯಿ ತೆರೆದೆ. ಏನು ಹೇಳುವವಳಿದ್ದೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

“ಅದು ಬಸ್ಸಿನ ವೇಳೆ ಸಾಹೇಬರೇ,” ಎಂದು ಕಾಕಾ ನಡುವೆ ಹೇಳಿದರು. “ಇವಳು ಅದನ್ನೂ ಬರೆದಿಡುತ್ತಾಳೆ.”

ಪುಟವನ್ನು ಕಡತಕ್ಕೆ ಸೇರಿಸಿದರು. ದ್ಯಾಮವ್ವನ ಮೇಲೆ ದೂರು ದಾಖಲಾಗಲಿಲ್ಲ. ಮುಂದಿನ ತಿಂಗಳು ಅವಳ ದಾಖಲೆ ಬಂತು, ಮಗಳು ನರ್ಸಿಂಗಿಗೆ ಸೇರಿದಳು. ಕಾಕಾನನ್ನು ಕಂಪನಿ ಮೂರನೆಯ ದಿನ ತೆಗೆದುಹಾಕಿತು. ಅವರು ವಾರದೊಳಗೆ ಊರಿಗೆ ಹೋದರು. ನಾನು ಅದೇ ಕೆಲಸದಲ್ಲಿ ಇನ್ನೂ ಎರಡು ವರ್ಷ ಎರಡು ತಿಂಗಳು ಇದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಆ ಸೋಮವಾರ ಕಚೇರಿಯಿಂದ ಹೊರಬಿದ್ದು ಬಸ್ಸಿಗೆ ನಿಂತಾಗ ಕಾಕಾ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಅಂಗಿಯ ಬೆನ್ನು ಪೂರ್ತಿ ನೆನೆದಿತ್ತು. ನೀರು ತಂದುಕೊಟ್ಟೆ. ಅಷ್ಟು ಜನರ ಎದುರು ಎಷ್ಟು ಹೆದರಿಕೆಯಾಗಿರಬೇಕು ಎಂದುಕೊಂಡು, “ಪೊಲೀಸ್ರನ್ನ ನೋಡಿ ಅಂಜಿದ್ರೇನ್ರಿ ಕಾಕಾ?” ಎಂದು ಕೇಳಿದೆ.

ಅವರು ಅರ್ಧ ಲೋಟ ಕುಡಿದು, ಉಳಿದದ್ದನ್ನು ಮುಖಕ್ಕೆ ಹಾಕಿಕೊಂಡರು.

“ಅವರಿಗಲ್ಲ ತಂಗಿ,” ಅಂದರು. “ನೀ ಎಲ್ಲಿ ಎರಡನೇ ಸಾಲೂ ಓದಿಬಿಡತೀಯೋ ಅಂತ ಭಾಳ ಅಂಜಿದ್ದೆ.”